ಚಿಗರಿ ಮಲಗಿದ ನೆಲ

ನಮ್ಮೂರಿನ ಹೆಸರು ಹೇಳಿದರೆ ನೀವು ಹುಡುಕಿಕೊಂಡು ಬಂದೀರಿ, ಅದಕ್ಕೆ ಹೇಳುವುದಿಲ್ಲ. ಗುಡ್ಡವಿಲ್ಲ, ಹೊಳೆಯಿಲ್ಲ, ಕಣ್ಣು ಹರಿಯುವ ತನಕ ಹುಲ್ಲು. ಹುಲ್ಲಿನ ನಡುವೆ ಜೋಳದ ಹೊಲ, ಹೊಲಗಳ ನಡುವೆ ಮನೆ, ಇವೆಲ್ಲದರ ನಡುವೆ ಚಿಗರಿಗಳು. ಕೋಡು ತಿರುಚಿದ ಗಂಡು, ಕಂದು ಬೆನ್ನಿನ ಹೆಣ್ಣು, ಕಾಲು ನಡುಗುವ ಮರಿ. ಯಾರನ್ನೂ ಕೇಳದೆ ಬರುತ್ತಿದ್ದವು, ಯಾರಿಗೂ ಹೇಳದೆ ಹೋಗುತ್ತಿದ್ದವು.

ನಮ್ಮೂರಿಗೆ ಇದ್ದದ್ದು ಒಂದೇ ಕಟ್ಟಳೆ. ನಿಂತ ಚಿಗರಿ ಯಾರದೂ ಅಲ್ಲ. ಓಡುವ ಚಿಗರಿ ಯಾರದೂ ಅಲ್ಲ. ಮೇಯುವ ಚಿಗರಿ, ಅದು ನಿಮ್ಮ ಜೋಳವನ್ನೇ ಮೇಯುತ್ತಿದ್ದರೂ, ಯಾರದೂ ಅಲ್ಲ. ಆದರೆ ನಡುಹಗಲಲ್ಲಿ ಅದು ಯಾರ ನೆಲದ ಮೇಲೆ ಮಲಗಿ ಕಣ್ಣು ಮುಚ್ಚಿತೋ, ಅವತ್ತು ಹೊತ್ತು ಮುಳುಗುವ ತನಕ ಅದು ಆ ನೆಲದವರದು. ಮಲಗಿದ್ದನ್ನು ಎಬ್ಬಿಸುವಂತಿಲ್ಲ. ಎದ್ದ ಮೇಲೆ ಅದು ಎಲ್ಲಿ ಹೋದರೂ ಆ ಮನೆಯವರು ಹೊಡೆದು ಉಣ್ಣಬಹುದು, ಇಲ್ಲವೆ ಬಿಡಬಹುದು. ಹತ್ತರಲ್ಲಿ ಒಂಬತ್ತು ಸಲ ನಾವು ಬಿಡುತ್ತಿದ್ದೆವು. ದಯೆಯಿಂದ ಅಂತ ತಿಳಿಯಬೇಡಿ. ಇವತ್ತು ಬಿಟ್ಟ ಚಿಗರಿ ನಾಳೆ ನಾಲ್ಕನ್ನು ಕರೆದುಕೊಂಡು ಬರುತ್ತದೆ ಅನ್ನುವ ಆಸೆಯಿಂದ ಬಿಡುತ್ತಿದ್ದೆವು.

ಅದಕ್ಕಾಗಿ ಪ್ರತಿ ಮನೆಯವರೂ ಮಲಗುವ ಹೊರಸಿನಷ್ಟು ನೆಲವನ್ನು ಬೇರೆ ಇಟ್ಟಿರುತ್ತಿದ್ದರು. ಅದಕ್ಕೆ ಹಾಸು ಅನ್ನುತ್ತಿದ್ದೆವು. ಹೊಲ ಇದ್ದವರದು ಹೊಲದ ಮೂಲೆಯಲ್ಲಿ, ಹೊಲ ಇಲ್ಲದವರದು ಅಂಗಳದಲ್ಲಿ. ದಿನಾ ಬೆಳಿಗ್ಗೆ ಹಾಸಿನ ಕಲ್ಲು ಆರಿಸಬೇಕು, ನೀರು ಚಿಮುಕಿಸಬೇಕು, ಹುಲ್ಲು ಹರವಬೇಕು. ಹೊತ್ತು ನೆತ್ತಿಗೆ ಬಂತೋ, ಊರಿಗೆ ಊರೇ ಒಳಗೆ ಸೇರಬೇಕು. ಒರಳು ನಿಲ್ಲಬೇಕು. ನಾಯಿಯನ್ನು ಕಟ್ಟಬೇಕು. ಕೂಸು ಅಳುವ ಮೊದಲೇ ಮೊಲೆ ಕೊಡಬೇಕು. ಹೊರಗೆ ಚಿಗರಿಗಳು ಮಲಗುತ್ತಿದ್ದವು, ಒಳಗೆ ನಾವು ಮಲಗುತ್ತಿದ್ದೆವು. ಅಂಥ ನಿದ್ದೆ ಮತ್ತೆ ನಾನು ಎಲ್ಲಿಯೂ ಮಾಡಿಲ್ಲ.

ನೆರಳು ಮೂಡಲಿಗೆ ತಿರುಗಿದಾಗ ಅಂಗೈಯವ್ವ ಹೊರಬೀಳುತ್ತಿದ್ದಳು. ಹಾಸಿನಿಂದ ಹಾಸಿಗೆ ಹೋಗಿ, ಕೂತು, ಬಲಗೈಯ ಅಂಗೈಯನ್ನು ನೆಲಕ್ಕೆ ಒತ್ತುವುದು ಅವಳ ಕೆಲಸ. ನೆಲ ಬೆಚ್ಚಗಿದ್ದರೆ ಬೆಚ್ಚಗಿದೆ ಅನ್ನಬೇಕು, ಮಲಗಿದ್ದು ಗಂಡೋ ಹೆಣ್ಣೋ, ಎಷ್ಟು ವಯಸ್ಸು, ಮೈಮೇಲೆ ಏನು ಗುರುತು ಹೇಳಬೇಕು. ತಣ್ಣಗಿದ್ದರೆ ತಣ್ಣಗಿದೆ ಅನ್ನಬೇಕು. ಅವಳು ಹೇಳದೆ ಚಿಗರಿಯ ಮೇಲೆ ಯಾರೂ ಕೈ ಎತ್ತುವಂತಿಲ್ಲ. ಆ ಕೈ ಅವಳಿಗೆ ಅವ್ವನಿಂದ ಬಂದದ್ದು, ಅವ್ವನಿಗೆ ಅವಳವ್ವನಿಂದ. ಸುಳ್ಳು ಹೇಳಿದ ದಿನ ಆ ಕೈ ಕಟ್ಟಿಗೆಯಾಗುತ್ತದೆ. ಹಿಂದೆ ಅವರ ಮನೆತನದಲ್ಲೇ ಒಬ್ಬಳು ಗಂಡನ ಮೇಲಿನ ಮೋಹಕ್ಕೆ ಒಮ್ಮೆ ಸುಳ್ಳು ಹೇಳಿ, ಸಾಯುವ ತನಕ ಒಂದು ರೊಟ್ಟಿ ಬಡಿಯಲಾರದೆ ಹೋದಳಂತೆ.

ನಾನು ಹೇಳುವ ಅಂಗೈಯವ್ವನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಒಬ್ಬ ತಮ್ಮನಿದ್ದ. ಅವ್ವ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅವನ ಹಲ್ಲು ಬಂದದ್ದೂ ಬಿದ್ದದ್ದೂ ಇವಳ ಮಡಿಲಲ್ಲೇ. "ನನ್ನ ತಮ್ಮ ನನ್ನವ" ಅನ್ನುವುದು ಅವಳ ಬಾಯಲ್ಲಿ ಉಸಿರಾಡಿದಷ್ಟು ಸಲೀಸಾಗಿ ಬರುತ್ತಿತ್ತು. ಬಿತ್ತಲು ಹೋಗುತ್ತೇನೆ ಅಂದರೆ ಬಿಸಿಲು ಅನ್ನುತ್ತಿದ್ದಳು, ಕುರಿ ಕಾಯಲು ಹೋಗುತ್ತೇನೆ ಅಂದರೆ ತೋಳ ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷದ ಗಂಡಾಳು ಮನೆಯ ಹೊಸ್ತಿಲ ಮೇಲೆ ಕೂತು ಹುಲ್ಲುಕಡ್ಡಿ ಕಡಿಯುತ್ತಿದ್ದ.

ಇನ್ನು ಧಣಿ. ಊರಿನ ಹುಲ್ಲಿನಲ್ಲಿ ಅರ್ಧ ಧಣಿಯದು. ಹಾಗಂತ ಚಿಗರಿಗಳಿಗೆ ಗೊತ್ತಿರಲಿಲ್ಲ. ಅವನ ಅಷ್ಟು ದೊಡ್ಡ ನೆಲ ಬಿಟ್ಟು ಅವು ಹೊಲವಿಲ್ಲದವಳ ಅಂಗಳಕ್ಕೆ ಹೋಗಿ ಮಲಗುತ್ತಿದ್ದವು. ಹೊಲವಿಲ್ಲದವಳು ಅಂದರೆ ಊರಂಚಿನ ಒಂಟಿ ಹೆಂಗಸು. ವರ್ಷಕ್ಕೊಂದು ಚಿಗರಿ ಹೊಡೆದು, ಮಾಂಸ ಒಣಗಿಸಿ, ತೊಗಲು ಹದ ಮಾಡಿ, ಮಳೆಗಾಲ ದಾಟುತ್ತಿದ್ದವಳು. ಧಣಿ ಅವಳ ಅಂಗಳದ ಮುಂದೆ ಹಾಯುವಾಗಲೆಲ್ಲ ಹಾಸಿನ ಕಡೆ ಓರೆಗಣ್ಣಿಂದ ನೋಡಿಕೊಂಡು ಹೋಗುತ್ತಿದ್ದ. ಉಳ್ಳವರ ಹೊಟ್ಟೆಕಿಚ್ಚು ಬಡವರಿಗೆ ಬಹಳ ತಡವಾಗಿ ತಿಳಿಯುತ್ತದೆ.

ಒಂದು ವರ್ಷ ಅವನು ಗೋಡೆ ಕಟ್ಟಿಸಲು ಶುರುಮಾಡಿದ. ಎರಡಾಳೆತ್ತರದ ಕಲ್ಲುಗೋಡೆ, ಅವನ ಹುಲ್ಲಿನ ಸುತ್ತ. ಕಟ್ಟಿದವರು ನಾವೇ. ಒಂದೇ ಒಂದು ಬಾಗಿಲು ಇಡಿಸಿದ. ಒಳಗೆ ಹೊಂಡ ತೋಡಿಸಿದ, ಉಪ್ಪಿನ ಕಲ್ಲು ಇಡಿಸಿದ, ನೂರು ಕಡೆ ಹಾಸು ಹರವಿಸಿದ. ಮಳೆ ನಿಂತು ಬಿಸಿಲೇರಿತು, ಹೊರಗಿನ ಹುಲ್ಲು ಸುಟ್ಟಿತು, ಒಳಗೆ ಹಸಿರು ಉಳಿಯಿತು. ಚಿಗರಿಗಳು ಒಂದೊಂದಾಗಿ ಬಾಗಿಲೊಳಗೆ ಹೋದವು. ಕೊನೆಯ ಮರಿ ಹೋದ ಮೇಲೆ ಬಾಗಿಲು ಮುಚ್ಚಿತು.

ಕಟ್ಟೆಯ ಮೇಲೆ ಊರು ಕೂಡಿತು. ಧಣಿ ಮೆತ್ತಗೆ ಮಾತಾಡುವ ಮನುಷ್ಯ. ಯಾರನ್ನೂ ಏಕವಚನದಲ್ಲಿ ಬೈದವನಲ್ಲ.

"ನೆಲ ನಂದು. ಹುಲ್ಲು ನಂದು. ಗ್ವಾಡಿ ನಂದು" ಅಂದ. "ನನ್ನ ನೆಲದ ಮ್ಯಾಲೆ ಮಲಗಿದ್ದು ನಂದು, ಇದು ನಿಮ್ಮ ಅಜ್ಜಂದಿರು ಮಾಡಿದ ಕಟ್ಟಳಿ. ಇದರಾಗ ನಾ ಮುರದದ್ದು ಏನು, ಹೇಳ್ರಿ."

ಜೋಳದ ಹೊಲದ ಮುದುಕ ಎದ್ದು ನಿಂತ. ಗೋಡೆಯಾಚೆ ಎರಡು ಕೂರಿಗೆ ಹೊಲ ಇದ್ದವನು. "ಧಣ್ಯಾರು ಅನ್ನೂದು ಖರೆ ಐತಿ. ಪ್ರತಿ ವರ್ಸ ನಾ ಬಿತ್ತತಿದ್ದೆ, ಚಿಗರಿ ಉಣ್ಣತಿದ್ದವು. ಈ ವರ್ಸ ಒಂದ ತೆನಿ ಹೋಗಿಲ್ಲ. ನನಗ ಅವರ ಗ್ವಾಡಿ ಬೇಕು."

"ನನಗ ಹೊಲ ಇಲ್ಲ" ಅಂದಳು ಹೊಲವಿಲ್ಲದವಳು. "ನನ್ನ ಅಂಗಳಕ್ಕ ಬಂದು ಮಲಗತಿದ್ದ ಚಿಗರಿನ ನನ್ನ ಬೆಳಿ ಆಗಿತ್ತು."

"ನಿಮ್ಮ ಅಂಗಳಕ್ಕ ಹೋಗಬ್ಯಾಡ ಅಂತ ನಾ ಯಾವ ಚಿಗರಿಗೂ ಹೇಳಿಲ್ಲವ್ವಾ" ಅಂದ ಧಣಿ.

"ಹೇಳಿಲ್ಲರೀ. ದಾರಿ ಮುಚ್ಚೀರಿ."

ಎಲ್ಲರೂ ಅಂಗೈಯವ್ವನ ಮುಖ ನೋಡಿದರು. ಅವಳು ಸೆರಗಿನ ತುದಿ ತಿರುವುತ್ತ ಕೇಳಿದಳು, "ಒಳಗ ಹೋಗೂ ಮುಂದ ಬಾಗಲಾ ಮುಚ್ಚತೈತಿ ಅಂತ ಅವಕ್ಕ ಗೊತ್ತಿತ್ತೇನ್ರಿ? ಬಂದು ಮಲಗೂದು ಬ್ಯಾರೆ, ಕೂಡಿಹಾಕಿದಲ್ಲೆ ಮಲಗೂದು ಬ್ಯಾರೆ."

"ನಿಮ್ಮ ಕೆಲಸ ನೆಲಾ ಮುಟ್ಟೂದು" ಅಂದ ಧಣಿ. "ಚಿಗರಿ ಮನಸು ಮುಟ್ಟೂದಲ್ಲ."

ನಾವು ನಕ್ಕೆವು. ನಾನೂ ನಕ್ಕೆ, ಮುಚ್ಚಿಡುವುದೇನು. ನಮಗೆ ಜೋಳ ಉಳಿದಿತ್ತು, ಹೊಟ್ಟೆ ತುಂಬಿದವನಿಗೆ ನಗು ಬೇಗ ಬರುತ್ತದೆ. ಊರಿನ ಮಾತು ಧಣಿಯ ಕಡೆಗೇ ಆಯಿತು: ಅವನ ಗೋಡೆ ಅವನಿಗೆ, ನಮ್ಮ ಜೋಳ ನಮಗೆ, ಒಳಗೆ ಮಲಗಿದ್ದು ಅವನದು. ಅಂಗೈಯವ್ವ ದಿನಾ ಒಳಗೆ ಹೋಗಿ ನೆಲ ಮುಟ್ಟಿ ಹೇಳಬೇಕು.

ಬಾಗಿಲು ಕಾಯಲು ಧಣಿಗೆ ಒಬ್ಬ ಆಳು ಬೇಕಿತ್ತು. ಒಳಗೇ ಇರಬೇಕು, ಮೊದಲ ಬೇಟೆ ಮುಗಿಯುವ ತನಕ ಹೊರಗೆ ಕಾಲಿಡಬಾರದು, ಆಮೇಲೆ ಬೇಕಾದಲ್ಲಿಗೆ ಹೋಗಬಹುದು. ತಮ್ಮ ಹೋಗುತ್ತೇನೆ ಅಂದ.

"ಬ್ಯಾಡ" ಅಂದಳು ಅಂಗೈಯವ್ವ. "ಅವರ ಬಾಗಲಾ ಕಾದ್ರ ನೀ ಅವರವ ಆಗತಿ."

"ನಿನ್ನ ಮನ್ಯಾಗ ಕುಂತ್ರ ನಿನ್ನವ. ಅಲ್ಲಿ ನಿಂತ್ರ ಅವರವ. ನಾ ನನ್ನವ ಆಗೂದು ಯಾವಾಗ ಯಕ್ಕಾ?"

ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಬಾಗಿಲು ಅವನ ಬೆನ್ನ ಹಿಂದೆ ಮುಚ್ಚಿತು, ಬೀಗದ ಕೈ ಧಣಿಯ ನಡುಪಟ್ಟಿಗೆ ಹೋಯಿತು.

ಆಗ ದೂರದ ಅತಿಥಿ ಬಂದ. ಅವನ ಮಾತು ನಮಗೆ ತಿಳಿಯುತ್ತಿರಲಿಲ್ಲ, ಧಣಿಗೆ ಮಾತ್ರ ತಿಳಿಯುತ್ತಿತ್ತು. ಕಂಡ ಕಂಡ ಕಾಡಿನಲ್ಲೆಲ್ಲ ಬೇಟೆಯಾಡಿ ಬೇಸತ್ತವನಂತೆ. ನೆಲ ಒಪ್ಪಿದ ಮೇಲೆಯೇ ಹೊಡೆಯುವ ಊರೊಂದಿದೆ ಅಂತ ಕೇಳಿ ಅಷ್ಟು ದೂರದಿಂದ ಬಂದಿದ್ದ. ನಮ್ಮ ಕಟ್ಟಳೆಯನ್ನು ನಮಗಿಂತ ಚೆನ್ನಾಗಿ ಬಾಯಿಪಾಠ ಮಾಡಿಕೊಂಡಿದ್ದ. ಮೊದಲು ಮಲಗಿದ್ದು ನಿಮ್ಮದು ಅಂತ ಧಣಿ ಅವನಿಗೆ ಮಾತು ಕೊಟ್ಟ. ಅತಿಥಿ ಹೊಂಡದ ಬಳಿ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ತೊಡೆಯ ಮೇಲೆ ಬಂದೂಕು ಇಟ್ಟುಕೊಂಡು, ಕಾಯತೊಡಗಿದ.

ಚಿಗರಿಗಳು ಮಲಗಲಿಲ್ಲ.

ಮೊದಲ ದಿನ ಹೊಸ ಜಾಗ ಅಂದೆವು. ಎರಡನೆಯ ದಿನ ಅತಿಥಿಯ ವಾಸನೆ ಅಂದೆವು. ಹತ್ತನೆಯ ದಿನವೂ ಅವು ಮಲಗಲಿಲ್ಲ. ನೀರು ನಿಂತು ಕುಡಿದವು, ಹುಲ್ಲು ನಿಂತು ಮೇದವು, ಉಳಿದ ಹೊತ್ತೆಲ್ಲ ಗೋಡೆಯ ಗುಂಟ ನಡೆದವು. ಒಂದರ ಹಿಂದೆ ಒಂದು, ಗಂಡು, ಹೆಣ್ಣು, ಮರಿ. ಮೂಡಲ ಗೋಡೆ, ತೆಂಕಣ ಗೋಡೆ, ಪಡುವಣ ಗೋಡೆ, ಬಡಗಣ ಗೋಡೆ, ಮತ್ತೆ ಮೂಡಲ ಗೋಡೆ. ಹುಲ್ಲು ಸವೆದು ಗೋಡೆಯ ಬುಡಕ್ಕೆ ಒಂದು ದಾರಿ ಬಿತ್ತು. ದಾರಿಯ ಮಣ್ಣು ಹಿಟ್ಟಾಯಿತು. ನೂರು ಹಾಸುಗಳು ಹರವಿದ ಹಾಗೇ ಇದ್ದವು.

ನೆರಳು ತಿರುಗಿದಾಗ ಅಂಗೈಯವ್ವ ಒಳಗೆ ಹೋಗುತ್ತಿದ್ದಳು. ಒಂದೊಂದು ಹಾಸಿನ ಬಳಿಯೂ ಕೂರುತ್ತಿದ್ದಳು, ಅಂಗೈ ಒತ್ತುತ್ತಿದ್ದಳು. "ತಣ್ಣಗ ಐತಿ" ಅನ್ನುತ್ತಿದ್ದಳು. ಏಳುತ್ತಿದ್ದಳು, ಮುಂದಿನ ಹಾಸಿಗೆ ಹೋಗುತ್ತಿದ್ದಳು. "ತಣ್ಣಗ ಐತಿ." ಬಾಗಿಲ ಬಳಿ ನಿಂತ ತಮ್ಮನ ಮುಖ ನೋಡುತ್ತಿದ್ದಳು. ಒಂದು ಚಿಗರಿ, ಒಂದೇ ಒಂದು, ಮಲಗಿದ್ದರೆ ಅವನು ಮನೆಗೆ ಬರುತ್ತಿದ್ದ. ಹೊರಗೆ ನಿಂತು ಚಿಗರಿಗಳ ಪರ ಮಾತಾಡಿದವಳು ಒಳಗೆ ಹೋಗಿ, ಯಾವುದಾದರೂ ಒಂದು ಮಲಗಿ ಸಾಯಲಿ ಅಂತ ಹರಕೆ ಹೊರುತ್ತಿದ್ದಳು. ಇದನ್ನು ಆಮೇಲೆ ಅವಳೇ ನಮಗೆ ಹೇಳಿದಳು, ನಾಚಿಕೆಯಿಂದ.

ಇತ್ತ ಊರಿನ ನಿದ್ದೆಯೂ ಹೋಯಿತು. ನಡುಹಗಲಲ್ಲಿ ನಾವು ಮೊದಲಿನ ಹಾಗೇ ಒಳಗೆ ಸೇರುತ್ತಿದ್ದೆವು, ಒರಳು ನಿಲ್ಲಿಸುತ್ತಿದ್ದೆವು, ನಾಯಿ ಕಟ್ಟುತ್ತಿದ್ದೆವು. ಆ ಮೌನದಲ್ಲಿ ಗೋಡೆಯಾಚೆಯ ಗೊರಸಿನ ಸದ್ದು ಕೇಳುತ್ತಿತ್ತು. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಚಾಪೆಯ ಮೇಲೆ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳುತ್ತಿದ್ದೆವು. ಗಂಡ ಹೆಂಡತಿ ಉಪ್ಪಿಗೆ ಜಗಳಾಡಿದರು, ರೊಟ್ಟಿ ಹಂಚಿನ ಮೇಲೆ ಕರಕಾದವು, ಮಾಡಿದ ಕೆಲಸವನ್ನೇ ಮತ್ತೆ ಮಾಡಿದೆವು. ಜೋಳದ ಹೊಲದ ಮುದುಕನ ತೆನೆ ಮೊಣಕೈ ಉದ್ದ ಬಂದಿತ್ತು. ಆದರೆ ಅವನು ಬಿಸಿಲಿನಲ್ಲಿ ಬದುವಿನ ಗುಂಟ ಸುತ್ತು ಹಾಕುತ್ತಿದ್ದ.

"ಯಾಕ ಅಜ್ಜಾ, ಕಾಯಾಕ ಏನೈತಿ ಈಗ?" ಅಂದೆ ಒಮ್ಮೆ.

"ಕಾಯಾಕಲ್ಲೋ" ಅಂದ. "ಕಾಲು ನಿಂದ್ರವಲ್ಲವು."

ಒಬ್ಬನ ಕಾಲು ಇನ್ನೊಬ್ಬನಿಗೆ ಅಂಟಿತು. ನಡುಹಗಲಲ್ಲಿ ಒಳಗಿರಬೇಕಾದವರು ಒಬ್ಬೊಬ್ಬರೇ ಹೊರಬಿದ್ದು ತಮ್ಮ ತಮ್ಮ ಅಂಗಳ ಸುತ್ತಿದರು, ಓಣಿ ಸುತ್ತಿದರು, ಕೊನೆಗೆ ಧಣಿಯ ಗೋಡೆಯನ್ನೇ ಹೊರಗಿನಿಂದ ಸುತ್ತಿದರು. ಒಳಗೆ ಅವು, ಹೊರಗೆ ನಾವು. ಕಲ್ಲಿಗೆ ಕಾಲಿಟ್ಟು ಗೋಡೆ ಹತ್ತಿ ಕೂತು ನೋಡುತ್ತಿದ್ದೆವು. ನಾವು ಜೋಳ ತಿಂದದ್ದು ಮೈಗೆ ಹತ್ತಲಿಲ್ಲ.

ನಲವತ್ತನೆಯ ದಿನ ಧಣಿ ಅಂಗೈಯವ್ವನ ಮನೆಗೆ ಬಂದ. ಅವನ ಕಣ್ಣೂ ಕೆಂಪಗಿದ್ದವು. ಹೊಸ್ತಿಲಾಚೆಯೇ ನಿಂತ, ಕೂರು ಅಂದರೂ ಕೂರಲಿಲ್ಲ.

"ಅತಿಥಿ ಹೋಗತೇನಿ ಅನ್ನಾಕತ್ಯಾರ" ಅಂದ. "ಒಂದ ಮಾತು ಸಾಕು. ನಾಳೆ ಒಂದ ಹಾಸಿಗೆ ಬೆಚ್ಚಗ ಐತಿ ಅಂದುಬಿಡ್ರಿ. ಯಾವದರ ಒಂದು ಚಿಗರಿ ಗುರುತು ಹೇಳ್ರಿ. ಸಂಜೀಕ ನಿಮ್ಮ ತಮ್ಮ ಮನಿಗೆ ಬರತಾನ."

"ಕೈ ಕಟ್ಟಿಗಿ ಆಗತೈತ್ರಿ."

"ಕೈ ಹೋದ್ರ ತಮ್ಮ ಬರತಾನ. ಕೈ ಉಳಿದ್ರ ಅಂವ ಅಲ್ಲೇ ಉಳೀತಾನ. ನಾ ಜುಲುಮಿ ಮಾಡೂದಿಲ್ಲ."

ಅವನು ಹೋದ ಮೇಲೆ ಅವಳು ಗೋಡೆಯ ಬಾಗಿಲಿಗೆ ಹೋಗಿ, ಹಲಗೆಯ ಸಂದಿನಲ್ಲಿ ತಮ್ಮನನ್ನು ಕರೆದಳು. ಅವನು ಬಂದ, ನಿಂತ, ನಿಲ್ಲಲಾರದೆ ಎರಡು ಹೆಜ್ಜೆ ಅತ್ತ ಹೋಗಿ ಎರಡು ಹೆಜ್ಜೆ ಇತ್ತ ಬಂದ. ಗಲ್ಲ ಒಳಗೆ ಹೋಗಿದ್ದವು.

"ಮಕ್ಕೊಂಡಿಯೇನೋ?"

"ಇಲ್ಲ ಯಕ್ಕಾ. ಅವು ತಿರಗತಾವು. ನಾ ಅವುಗಳ ಹಿಂದ ತಿರಗತೇನಿ. ನಿಂತ್ರ ಅವು ನನ್ನ ನೋಡತಾವು."

ಅವಳು ಮನೆಗೆ ಬಂದು ಒಲೆ ಹೊತ್ತಿಸಿದಳು. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ನಾದಿದಳು. ಸಂಜೆ ಇಡೀ ರೊಟ್ಟಿ ಬಡಿದಳು, ತೆಳ್ಳಗೆ, ಬಿರುಸಾಗಿ ಒಣಗಿ ತಿಂಗಳುಗಟ್ಟಲೆ ಉಳಿಯುವ ರೊಟ್ಟಿ. ಮೊಣಕಾಲೆತ್ತರ ಎರಡು ರಾಶಿ ಆಯಿತು. ಓಣಿಯವರು ಸದ್ದು ಕೇಳಿ ಬಂದು ಬಾಗಿಲಲ್ಲಿ ನಿಂತೆವು. ಯಾರಿಗೆ ಇಷ್ಟೊಂದು ಅಂತ ಯಾರೂ ಕೇಳಲಿಲ್ಲ. ನಾಳೆಯಿಂದ ಆ ಕೈ ರೊಟ್ಟಿ ಬಡಿಯುವುದಿಲ್ಲ ಅಂತ ನಮಗೆ ಅರ್ಥವಾಗಿತ್ತು, ಆದರೂ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳು ಸುಳ್ಳು ಹೇಳಲಿ, ಏನೋ ಒಂದು ಮುಗಿಯಲಿ, ನಿದ್ದೆ ಬರಲಿ ಅಂತಲೇ ನಮ್ಮ ಆಸೆಯಾಗಿತ್ತು.

ಧಣಿಗೆ ಮಾತ್ರ ಅವಳ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ಉಪಾಯ ಮಾಡಿದ. ಮರುದಿನ ಹೊತ್ತು ನೆತ್ತಿಗೆ ಬಂದಾಗ ತಮ್ಮನನ್ನು ಕರೆದು, ಬೇವಿನ ಮರದಿಂದ ದೂರದ ಒಂದು ಹಾಸು ತೋರಿಸಿ, ಅದರ ಮೇಲೆ ಅಷ್ಟೊತ್ತು ಮೈ ಚಾಚಿ ನೆಲ ಬೆಚ್ಚಗೆ ಮಾಡಿ, ನೆರಳು ತಿರುಗುವ ಮೊದಲು ಎದ್ದು ಹೋಗು ಅಂದ. ಅಂಗೈಯವ್ವ ಬಂದು ಮುಟ್ಟಿದರೆ ಬೆಚ್ಚಗೆ ಹತ್ತುತ್ತದೆ. ಅವಳು ಬೆಚ್ಚಗೆ ಅನ್ನುತ್ತಾಳೆ, ಕೈಯೂ ಉಳಿಯುತ್ತದೆ. ಇದನ್ನು ಅವನು ಉಪಕಾರ ಅಂತಲೇ ತಿಳಿದಿದ್ದ. ನಲವತ್ತು ದಿನ ಕಣ್ಣು ಮುಚ್ಚದವನನ್ನು ಹುಲ್ಲಿನ ಮೇಲೆ ಮಲಗಿಸಿದರೆ ಏನಾಗುತ್ತದೆ ಅಂತ ಯೋಚಿಸಲಿಲ್ಲ. ನಿದ್ದೆಗೆಟ್ಟ ತಲೆಗೆ ಅಷ್ಟು ದೂರದ್ದು ಹೊಳೆಯುವುದೂ ಇಲ್ಲ.

ನೆರಳು ತಿರುಗಿತು. ಧಣಿ ಬೀಗ ತೆಗೆದ. ಅಂಗೈಯವ್ವ ಒಳಗೆ ಬಂದಳು, ಅತಿಥಿ ಕುರ್ಚಿಯಿಂದ ಎದ್ದ. ನಾವು ಗೋಡೆಯ ಮೇಲೆ ಸಾಲಾಗಿ ಕೂತಿದ್ದೆವು. ಮೊದಲು ನಮ್ಮ ಕಿವಿಗೆ ಬಂದದ್ದು ಸದ್ದಿಲ್ಲದ್ದು. ಗೊರಸಿನ ಸದ್ದು ನಿಂತಿತ್ತು. ಚಿಗರಿಗಳು ನಿಂತಿದ್ದವು, ಎಲ್ಲವೂ, ದಾರಿ ಬಿಟ್ಟು ಹುಲ್ಲಿನೊಳಗೆ ಬಂದು, ಒಂದೇ ಕಡೆಗೆ ಮುಖ ಮಾಡಿ.

ಅವು ನೋಡುತ್ತಿದ್ದ ಕಡೆ, ಹಾಸಿನ ಮೇಲೆ ತಮ್ಮ ಮಲಗಿದ್ದ. ಮಗ್ಗುಲಾಗಿ, ಮೊಣಕಾಲು ಮಡಚಿ, ಬಾಯಿ ಅರ್ಧ ತೆರೆದು. ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು.

ಧಣಿ ಅವನನ್ನು ಎಬ್ಬಿಸಲು ಮುಂದೆ ಬಂದ. ಅತಿಥಿ ಅವನ ತೋಳು ಹಿಡಿದ. ಮಲಗಿದ್ದನ್ನು ಎಬ್ಬಿಸುವಂತಿಲ್ಲ, ಕಟ್ಟಳೆ ಅವನಿಗೆ ಗೊತ್ತಿತ್ತು. ಏನೋ ಕೇಳಿದ. ಧಣಿ ನಕ್ಕ. ಅತಿಥಿ ನಗಲಿಲ್ಲ, ಅದೇ ಮಾತನ್ನು ಮತ್ತೆ ಕೇಳಿದ, ಅಂಗೈಯವ್ವನ ಕಡೆ ಬೆರಳು ಮಾಡಿದ. ಮಾತು ತಿಳಿಯದಿದ್ದರೂ ಏನು ಕೇಳಿದ ಅಂತ ಗೋಡೆಯ ಮೇಲಿದ್ದ ಕೂಸಿಗೂ ತಿಳಿಯಿತು.

ಅಂಗೈಯವ್ವ ಹಾಸಿನ ಬಳಿ ಕೂತಳು. ನಿನ್ನೆಯಿಂದ ಅವಳು ಒಂದು ಸುಳ್ಳನ್ನು ಬಾಯೊಳಗೆ ಸಿದ್ಧ ಮಾಡಿ ಇಟ್ಟುಕೊಂಡಿದ್ದಳು, ತಣ್ಣನೆಯ ನೆಲಕ್ಕೆ ಬೆಚ್ಚಗೆ ಅನ್ನುವ ಸುಳ್ಳು. ಈಗ ಆ ಮಾತೇ ನಿಜವಾಗಿ ಕೂತಿತ್ತು. ಬೆಚ್ಚಗೆ ಅಂದರೆ ತಮ್ಮ ಬಂದೂಕಿನ ಮುಂದೆ. ತಣ್ಣಗೆ ಅಂದರೆ ಕೈ ಹೋಯಿತು, ತಮ್ಮ ಬಾಗಿಲಲ್ಲೇ ಉಳಿದ, ನಾಳೆಯಿಂದ ನೆಲ ಏನು ಹೇಳುತ್ತದೆ ಅಂತ ಹೇಳುವವರೇ ಇಲ್ಲ, ಧಣಿ ಅಂದದ್ದೇ ಬೆಚ್ಚಗೆ. ತಮ್ಮನ ಬೆನ್ನಿಗೆ ತಾಗುವಂತೆ ನೆಲಕ್ಕೆ ಅಂಗೈ ಒತ್ತಿದಳು. ಬಹಳ ಹೊತ್ತು ಒತ್ತಿ ಹಿಡಿದಳು.

"ಬೆಚ್ಚಗ ಐತಿ" ಅಂದಳು.

ದಿನದ ದನಿಯಲ್ಲೇ ಅಂದಳು. ಆಮೇಲೆ, ಕಟ್ಟಳೆ ಹೇಳುವ ಹಾಗೆ, ಉಳಿದದ್ದನ್ನೂ ಹೇಳಿದಳು.

"ಗಂಡು. ಇಪ್ಪತ್ತೆರಡು ವರ್ಸ. ಎಡಗಾಲ ಹಿಮ್ಮಡದಾಗ ಮುಳ್ಳು ಮುರದೈತಿ. ಬಲಗಿವಿ ಹಿಂದ ಸಣ್ಣಾಂವ ಇದ್ದಾಗ ಸುಟ್ಟ ಕಲಿ ಐತಿ. ನಲವತ್ತ ದಿನದ ಮ್ಯಾಲೆ ಇವತ್ತ ಮಲಗೇತಿ." ತಲೆಯೆತ್ತಿ ಧಣಿಯನ್ನು ನೋಡಿದಳು. "ನಿಮ್ಮ ನೆಲದ ಮ್ಯಾಲೆ ಮಲಗೇತಿ. ನಿಮ್ಮದ್ರಿ. ಏನ್ ಮಾಡತೀರಿ ಹೇಳ್ರಿ."

"ನಿಮಗ ತೆಲಿ ಕೆಟ್ಟೈತಿ" ಅಂದ ಧಣಿ. "ಇಂವ ಮನಶ್ಯಾ."

"ನೆಲಕ್ಕ ಅದು ಗೊತ್ತಾಗೂದಿಲ್ಲರೀ. ಮಲಗಿದ್ದು ನನ್ನದು ಅಂದವರು ನೀವು. ಏನ ಮಲಗಿದ್ರ ಅಂತ ಅವತ್ತ ಹೇಳಲಿಲ್ಲ."

ಅತಿಥಿ ಬಂದೂಕು ಎತ್ತಿ ಹಿಡಿದ. ಗುರಿ ಇಡಲಿಲ್ಲ, ಸುಮ್ಮನೆ ಎದೆಗೆ ಅಡ್ಡ ಹಿಡಿದು ಧಣಿಯ ಬಾಯನ್ನೇ ನೋಡಿದ. ಕೊಟ್ಟ ಮಾತು ಅವನಿಗೆ ನೆನಪಿತ್ತು.

ಇಲ್ಲ ಅನ್ನಲು ಧಣಿಗೆ ಒಂದು ಉಸಿರು ಸಾಕು. ಅವನು ಅನ್ನಲಿಲ್ಲ. ತಮ್ಮನ ಪಕ್ಕೆ ಏರಿತು, ಇಳಿಯಿತು, ಏರಿತು, ಇಳಿಯಿತು. ಧಣಿ ನೆಲ ನೋಡಿದ, ಗೋಡೆ ನೋಡಿದ, ನಲವತ್ತು ದಿನ ಕಾದ ಅತಿಥಿಯನ್ನು ನೋಡಿದ. ಅವನು ಯೋಚನೆ ಮಾಡುತ್ತಿದ್ದ. ಗೋಡೆ ಕಟ್ಟಿದ್ದನ್ನು ನಾವು ಮರೆತೇವು, ನಿದ್ದೆ ಕೆಡಿಸಿದ್ದನ್ನು ಮರೆತೇವು, ಆ ಹೊತ್ತಿನಲ್ಲಿ ಅವನು ಯೋಚನೆ ಮಾಡಿದ್ದನ್ನು ಮಾತ್ರ ಈ ತನಕ ಮರೆತಿಲ್ಲ. ನಾವೂ ಗೋಡೆಯ ಮೇಲೆ ಸುಮ್ಮನೇ ಕೂತಿದ್ದೆವು, ಅದನ್ನೂ ಮರೆತಿಲ್ಲ.

"ಇದು ನಂದಲ್ಲ" ಅಂದ ಧಣಿ ಕೊನೆಗೆ. ದನಿ ಅವನದೇ ಅಂತ ಅನ್ನಿಸಲಿಲ್ಲ.

"ಕೇಳಲಿಲ್ಲರೀ" ಅಂದಳು ಹೊಲವಿಲ್ಲದವಳು, ಗೋಡೆಯ ಮೇಲಿಂದ.

"ನಂದಲ್ಲ ಅಂದೆ."

"ನಿಮ್ಮ ನೆಲದಾಗ ಮಲಗಿದ್ದ ನಿಮ್ಮದಲ್ಲ ಅಂದ ಮ್ಯಾಲೆ, ನಿಂತದ್ದು ಹ್ಯಾಂಗ ನಿಮ್ಮದಾತ್ರಿ?"

ಆಗ ಜೋಳದ ಹೊಲದ ಮುದುಕ ಗೋಡೆಯಿಂದ ಒಳಗೆ ಇಳಿದ. ವಯಸ್ಸಾದ ಕಾಲು, ಬೀಳದಂತೆ ಕಲ್ಲು ಹಿಡಿದು ಹಿಡಿದು ಇಳಿದು, ನೆಟ್ಟಗೆ ಬಾಗಿಲಿಗೆ ಹೋಗಿ ಎರಡೂ ಹಲಗೆಯನ್ನು ಹಿಂದಕ್ಕೆ ತಳ್ಳಿದ.

"ನನ್ನ ತೆನಿ ತಿಂದ್ರ ತಿನ್ನಲಿ ಧಣ್ಯಾರ" ಅಂದ. "ನನಗ ನಿದ್ದಿ ಬೇಕಾಗೇತಿ."

ಅತಿಥಿ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. ಅವನಿಗೆ ಸಿಟ್ಟು ಬಂದಿತ್ತೋ, ಹಗುರಾಗಿತ್ತೋ ತಿಳಿಯಲಿಲ್ಲ. ತೆರೆದ ಬಾಗಿಲಿಂದ ಮೊದಲು ಹೊರಗೆ ಹೋದವನು ಅವನೇ.

ಚಿಗರಿಗಳು ಬೇಗ ಹೋಗಲಿಲ್ಲ. ಬಾಗಿಲ ತನಕ ಬಂದವು, ತಿರುಗಿ ಗೋಡೆಯ ಗುಂಟ ಹೋದವು, ಮತ್ತೆ ಬಂದವು. ಕಾಲಿಗೆ ದಾರಿ ಅಭ್ಯಾಸವಾಗಿತ್ತು. ಒಂದು ಮರಿ ತಪ್ಪಿ ಹೊರಗೆ ಬಿತ್ತು, ತಾಯಿ ಹಿಂದೆ ಹೋಯಿತು, ಆಮೇಲೆ ಒಂದರ ಹಿಂದೆ ಒಂದು ಹೊತ್ತು ಮುಳುಗುವ ತನಕ ಹೋದವು. ತಮ್ಮ ಅಷ್ಟರಲ್ಲಿ ಎದ್ದಿದ್ದ. ಏನಾಯಿತು ಅಂತ ಯಾರೂ ಅವನಿಗೆ ಹೇಳಲಿಲ್ಲ. ಅವನು ತೆರೆದ ಬಾಗಿಲನ್ನು ನೋಡಿದ, ನೋಡಿ ಗೋಡೆಯ ಗುಂಟ ನಡೆಯತೊಡಗಿದ. ಅಂಗೈಯವ್ವ ಬಾ ಅನ್ನಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಅವನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ತಾನೂ ನಡೆದಳು. ಮೂರು ಸುತ್ತು ಹಾಕಿ, ನಾಲ್ಕನೆಯದರಲ್ಲಿ ಅವನು ಹೊರಗೆ ಬಂದ.

ಆಮೇಲೆ ಎಲ್ಲವೂ ಸುಖವಾಯಿತು ಅಂತ ಹೇಳಲು ಬರುವುದಿಲ್ಲ. ವಾರದೊಳಗೆ ಮುದುಕನ ಜೋಳದಲ್ಲಿ ನಾಲ್ಕು ಸಾಲು ಹೋದವು. ಚಿಗರಿಗಳ ಏಳು ತಲೆಮಾರನ್ನೂ ಬೈದು, ಬೈದ ಬಾಯಲ್ಲೇ ಗೊರಕೆ ಹೊಡೆದ. ಧಣಿಯ ಗೋಡೆ ಇನ್ನೂ ಇದೆ. ನೆಲ ನನ್ನದೇ, ಗೋಡೆ ನನ್ನದೇ ಅಂತ ಅವನೂ ಅನ್ನುತ್ತಾನೆ, ಹೌದು ಅಂತ ನಾವೂ ಅನ್ನುತ್ತೇವೆ. ಬಾಗಿಲು ಯಾರದು ಅನ್ನುವ ಬಗ್ಗೆ ಕಟ್ಟೆಯ ಮೇಲೆ ಇವತ್ತಿಗೂ ಜಗಳ ನಡೆದಿದೆ.

ಬಾಗಿಲು ತೆರೆದ ಮರುದಿನದ ಮಾತು ಒಂದು ಉಳಿದಿದೆ. ನಡುಹಗಲಲ್ಲಿ ತಮ್ಮ ಮನೆಯೊಳಗೆ ಹೋಗಲಿಲ್ಲ. ಅಂಗಳದಲ್ಲಿ ಅಕ್ಕ ಹರವಿದ್ದ ಹಾಸಿನ ಮೇಲೆ ಬಿದ್ದುಕೊಂಡ, ನೆರಳು ತಿರುಗುವ ತನಕ ಮಲಗಿದ. ಎದ್ದಾಗ ಅಂಗೈಯವ್ವ ಹಾಸುಗಳ ಸುತ್ತು ಹೊರಟು ಹೊಸ್ತಿಲಲ್ಲಿ ನಿಂತಿದ್ದಳು. ಸುತ್ತು ಶುರುವಾಗುವುದು ಅವಳದೇ ಅಂಗಳದ ಹಾಸಿನಿಂದ, ಅವಳವ್ವನ ಕಾಲದಿಂದಲೂ ಹಾಗೇ. ಓಣಿಯವರು ನಮ್ಮ ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಹಾಸಿನ ಹುಲ್ಲು ಅವನ ಮೈಯಷ್ಟೇ ಉದ್ದಕ್ಕೆ ತಗ್ಗಾಗಿತ್ತು. ಅವಳು ಒಂದು ಸಲ ಕೂತು ಅಂಗೈ ಒತ್ತಿದರೆ ಸಾಕಿತ್ತು, ಹೊತ್ತು ಮುಳುಗುವ ತನಕ ಅವನು ಅವಳವನು.

"ಮುಟ್ಟಿ ನೋಡೂದಿಲ್ಲೇನ ಯಕ್ಕಾ?" ಅಂದ ತಮ್ಮ.

ಅವಳ ಕೈ ಮುಂದೆ ಬಂತು. ಬಂದದ್ದನ್ನು ನಾನು ಕಂಡೆ. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡಳು, ಚಳಿಯಾದವರ ಹಾಗೆ.

"ಎಲ್ಲಿಗೆ ಹೊಂಟಿ?" ಅಂದಳು.

"ಗೊತ್ತಿಲ್ಲ."

"ಹೊತ್ತ ಮುಳಗೂದ್ರಾಗ ಬರತೀಯೇನು?"

"ಅದೂ ಗೊತ್ತಿಲ್ಲ ಯಕ್ಕಾ."

ಅವಳು ಹೂಂ ಅಂದಳು. ತನ್ನ ಅಂಗಳದ ಹಾಸನ್ನು ಬಳಸಿಕೊಂಡು, ಹುಲ್ಲು ತುಳಿಯದಂತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಕೂತಳು. ಅವತ್ತಿನಿಂದ ನಮ್ಮೂರಿನ ಸುತ್ತು ಎರಡನೆಯ ಮನೆಯಿಂದ ಶುರುವಾಗುತ್ತದೆ.